ವಾಕ್ಯದ ಕೊನೆಯವರೆಗೂ ಕೇಳಿಸಿದ ದನಿ

ನಗರದ ನೀರು ಸರಬರಾಜು ಇಲಾಖೆಯ ಗುಣಮಟ್ಟ ಪ್ರಯೋಗಾಲಯಕ್ಕೆ ಕಿರಿಯ ರಸಾಯನತಜ್ಞೆಯಾಗಿ ಸೇರಿ, ಮುಂದೆ ಅದರ ಮುಖ್ಯಸ್ಥೆಯಾಗಿ, ಮೂವತ್ತನಾಲ್ಕು ವರ್ಷಗಳ ಸೇವೆಯ ನಂತರ ಇದೀಗ ನಿವೃತ್ತರಾಗುತ್ತಿರುವ ನಮ್ಮ ದೊಡ್ಡ ಮೇಡಂ ಅವರ ಸಾಧನೆಗಳನ್ನು ಈ ಸಂಪುಟದ ಇತರ ಲೇಖಕರು ನನಗಿಂತ ಸಮರ್ಥವಾಗಿ ವಿವರಿಸಿದ್ದಾರೆ. ಎರಡು ಕೋಣೆ, ಒಂದು ತಕ್ಕಡಿ, ಸದಾ ತೊಟ್ಟಿಕ್ಕುವ ಒಂದು ನಲ್ಲಿ, ಇಷ್ಟೇ ಇದ್ದ ಪ್ರಯೋಗಾಲಯವನ್ನು ಅವರು ನೆರೆಯೂರುಗಳವರೂ ನಂಬಿ ನೀರಿನ ಬಾಟಲಿ ಕಳಿಸುವ ಮಟ್ಟಕ್ಕೆ ತಂದದ್ದು ಎಲ್ಲರೂ ಬಲ್ಲ ಸಂಗತಿ. ಸಂಪಾದಕರು ನನಗೆ ವಹಿಸಿರುವ ವಿಷಯ ಬೇರೆ. ಮೇಡಂ ಸಭೆಗಳಲ್ಲಿ ಮಾತನಾಡುತ್ತಿದ್ದ ಬಗೆ ಮತ್ತು ನಮ್ಮಂಥವರಿಗೆ ಮಾತನಾಡಲು ಕಲಿಸಿದ ಬಗೆಯನ್ನು ಕುರಿತು ನಾನು ಬರೆಯಬೇಕಂತೆ. ಇದನ್ನು ಕೇಳಿ ಇಲಾಖೆಯ ಹಳಬರು ಒಳಗೊಳಗೇ ನಕ್ಕಿರಬೇಕು. ಏಕೆಂದರೆ ಅವರ ಬಾಯಲ್ಲಿ ನನ್ನ ಹೆಸರು ಬಹಳ ಕಾಲ ‘ಗೊಣಗಪ್ಪ’ ಎಂದೇ ಇತ್ತು.

ಆ ಹೆಸರು ನನಗೆ ಅನ್ಯಾಯವಾಗಿ ಬಂದದ್ದಲ್ಲ. ಹದಿನೆಂಟು ವರ್ಷಗಳ ಹಿಂದೆ ಕೆಲಸಕ್ಕೆ ಸೇರಿದಾಗ ನಾನು ವರದಿಯನ್ನು ಚೆನ್ನಾಗಿಯೇ ಬರೆಯುತ್ತಿದ್ದೆ. ಆದರೆ ಎದ್ದು ನಿಂತು ನಾಲ್ಕು ಮಾತು ಹೇಳಲು ಬರುತ್ತಿರಲಿಲ್ಲ. ಪ್ರತಿ ವಾಕ್ಯವನ್ನೂ ಗಟ್ಟಿಯಾಗಿ ಆರಂಭಿಸಿ, ನಡುವೆ ಇಳಿದು, ಕೊನೆಯನ್ನು ಕಾಲರಿನೊಳಗೆ ನುಂಗಿಬಿಡುತ್ತಿದ್ದೆ. ನನ್ನ ಮೊದಲ ವಾರದ ಸಭೆಯಲ್ಲಿ ನಗರದ ನಾಲ್ಕು ಟ್ಯಾಂಕುಗಳ ಫಲಿತಾಂಶ ಹೇಳಿ ಕುಳಿತಾಗ ಮೇಡಂ ನನ್ನನ್ನು ಏನೂ ಅನ್ನಲಿಲ್ಲ. ಸಭೆ ಮುಗಿದ ಮೇಲೆ ಬಾಗಿಲ ಬಳಿ ಇದ್ದ ಮೂವರನ್ನು ನಿಲ್ಲಿಸಿದರು.

“ಉತ್ತರದ ಟ್ಯಾಂಕ್ ಬಗ್ಗೆ ಇವರು ಏನು ಹೇಳಿದ್ರು?”

“ಸರಿ ಇದೆ ಅಂದ್ರು ಮೇಡಂ,” ಎಂದರು ಗುಮಾಸ್ತರು.

“ಸರಿ ಇಲ್ಲ ಅಂದ್ರಲ್ವಾ?” ಎಂದಳು ತಂತ್ರಜ್ಞೆ.

ಜೀಪಿನ ಡ್ರೈವರ್ ತಲೆ ಕೆರೆದುಕೊಂಡ. “ಟ್ಯಾಂಕ್ ಅನ್ನೋವರೆಗೂ ಕೇಳಿಸ್ತು. ಆಮೇಲೆ ಸಾಹೇಬ್ರು ಕೆಮ್ಮಿದ್ರು.”

ಮೂವರೂ ನಕ್ಕರು, ನಾನೂ ನಕ್ಕೆ. ನಗದೆ ಇದ್ದವರು ಮೇಡಂ ಒಬ್ಬರೇ. ಅವರು ನನ್ನನ್ನು ಕಿಟಕಿಯ ಬಳಿ ಕರೆದೊಯ್ದು, ಬೇರೆ ಯಾರಿಗೂ ಕೇಳಿಸದಂತೆ ಹೇಳಿದರು: “ನಮ್ಮ ಭಾಷೇಲಿ ಮುಖ್ಯವಾದ ಮಾತು ವಾಕ್ಯದ ಕೊನೇಲಿ ಇರುತ್ತೆ. ಇದೆ, ಇಲ್ಲ, ಬೇಕು, ಬೇಡ, ಎಲ್ಲ ಅಲ್ಲೇ. ನೀವು ಕೊನೇನೇ ನುಂಗಿದ್ರೆ ಎದುರಿಗಿರೋರು ತಮಗೆ ಬೇಕಾದ್ದನ್ನ ಅಲ್ಲಿ ತುಂಬ್ಕೊಳ್ತಾರೆ. ಗುರುವಾರ ಮೂರು ಗಂಟೆಗೆ ಬನ್ನಿ.”

ಆ ದಿನ ಅವರ ಮುಖ ಅಷ್ಟು ಗಂಭೀರವಾಗಿದ್ದುದೇಕೆಂದು ನನಗೆ ತಿಳಿದದ್ದು ಒಂದು ವರ್ಷದ ನಂತರ.

ಗುರುವಾರದ ಆ ತರಗತಿ ನಡೆಯುತ್ತಿದ್ದುದು ಬಾಟಲಿ ತೊಳೆಯುವ ಕೋಣೆಯ ಪಕ್ಕದ ಉಗ್ರಾಣದಲ್ಲಿ. ಆರು ಸ್ಟೂಲು, ಗೋಡೆಗೆ ಒಂದು ಗಡಿಯಾರ. ಪೈಪ್ ಜೋಡಿಸುವವರು, ಪಂಪ್ ನಡೆಸುವವರು, ನಾವು ಲ್ಯಾಬಿನವರು, ಯಾರು ಬೇಕಾದರೂ ಬರಬಹುದಿತ್ತು. ಮೂರು ನಿಮಿಷದಲ್ಲಿ ಅಂದಿನ ಕೆಲಸದ ಒಂದು ಸಂಗತಿಯನ್ನು ಹೇಳಬೇಕು. ಹೇಳಿದ ಮೇಲೆ ಕೇಳಿದವರು ತಾವು ಈಗ ಏನು ಮಾಡುತ್ತೇವೆಂದು ಹೇಳಬೇಕು. ಅವರು ತಪ್ಪು ಹೇಳಿದರೆ ತಪ್ಪು ಮಾತನಾಡಿದವನದೇ ಹೊರತು ಕೇಳಿದವರದಲ್ಲ. ಪೈಪಿನವರು ಮೇಡಂಗೆ ‘ಗಡಿಯಾರದಮ್ಮ’ ಎಂದು ಹೆಸರಿಟ್ಟಿದ್ದರು. ಆದರೆ ಯಾರಾದರೂ ಮಾತು ಸಿಕ್ಕದೆ ನಿಂತುಬಿಟ್ಟರೆ ಮೇಡಂ ಗಡಿಯಾರದ ಕಡೆ ಕಣ್ಣು ಹಾಯಿಸುತ್ತಿರಲಿಲ್ಲ. ಮತ್ತೊಬ್ಬರ ವಾಕ್ಯವನ್ನು ತಾವು ಪೂರ್ತಿಮಾಡುತ್ತಲೂ ಇರಲಿಲ್ಲ. ಒಮ್ಮೆ ನಾನು ಒಂದು ಕ್ರಿಯಾಪದಕ್ಕಾಗಿ ಅರ್ಧ ನಿಮಿಷ ತಡಕಾಡಿದೆ. ಪಕ್ಕದವನು ಒಂದು ಪದ ಎಸೆಯಲು ಬಾಯಿ ತೆರೆದಾಗ ಮೇಡಂ ಅವನತ್ತ ಬೆರಳೆತ್ತಿ ತಡೆದರು. ಆ ಪದ ಕೊನೆಗೂ ನನ್ನದೇ ಬಾಯಿಂದ ಬಂತು. ಮೂವತ್ತು ದಾಟಿದವನಿಗೆ ಹಾಗೆ ಕಾಯುವವರು ಎಲ್ಲಿ ಸಿಗುತ್ತಾರೆ?

ಆ ವರ್ಷದ ಕೊನೆಯಲ್ಲಿ ನಾನು ಒಂದು ದೊಡ್ಡ ತಪ್ಪು ಮಾಡಿದೆ. ಮಾದರಿ ಸಂಗ್ರಹಿಸಲು ಹೊರಡುವ ಗಡಿಬಿಡಿಯಲ್ಲಿ, ಕ್ರಿಮಿಶುದ್ಧಿ ಮಾಡಿಟ್ಟ ಬಾಟಲಿಗಳ ಬದಲು ಕೇವಲ ತೊಳೆದಿಟ್ಟಿದ್ದ ಸಾಲಿನಿಂದ ಒಂದನ್ನು ಎತ್ತಿಕೊಂಡೆ. ಅದರಲ್ಲಿ ತಂದ ದಕ್ಷಿಣದ ಟ್ಯಾಂಕಿನ ನೀರಿನಲ್ಲಿ ರೋಗಾಣು ಕಂಡಿತು. ಅರ್ಧ ದಿನ ನೀರು ನಿಲ್ಲಿಸಿದರು. ಕೊಡ ಹಿಡಿದ ಜನ ಕಚೇರಿಯ ಗೇಟಿನವರೆಗೂ ಬಂದರು. ಮತ್ತೆ ಪರೀಕ್ಷಿಸಿದಾಗ ನೀರು ಶುದ್ಧ. ಕೊಳೆ ಇದ್ದದ್ದು ಬಾಟಲಿಯಲ್ಲಿ. ಸರಬರಾಜು ವಿಭಾಗದ ಹಿರಿಯ ಎಂಜಿನಿಯರ್ ತುಂಬಿದ ಸಭೆಯಲ್ಲಿ “ಲ್ಯಾಬಿನೋರು ಮೊದಲು ತಮ್ಮ ಪಾತ್ರೆ ಬೆಳಗಿಕೊಳ್ಳಲಿ” ಎಂದರು. ಮೇಡಂ ಎದ್ದು, “ತಪ್ಪು ಲ್ಯಾಬಿಂದು. ಕ್ಷಮಿಸಿ. ಮತ್ತೆ ಆಗದ ಹಾಗೆ ಕಪಾಟು ಬೇರೆ ಮಾಡಿದೀವಿ,” ಎಂದು ಮೂರೇ ವಾಕ್ಯ ಹೇಳಿ ಕುಳಿತರು. ನನ್ನ ಹೆಸರು ಅವರ ಬಾಯಿಗೆ ಬರಲಿಲ್ಲ. ನಾನೇ ಎದ್ದು ಒಪ್ಪಿಕೊಳ್ಳಬೇಕಿತ್ತು. ನನಗೆ ಏಳಲಾಗಲಿಲ್ಲ.

ಇದಾಗಿ ಮೂರು ವಾರಕ್ಕೆ ಪಶ್ಚಿಮದ ಟ್ಯಾಂಕಿನ ಸರದಿ ಬಂತು.

ನಮ್ಮ ನಗರದಲ್ಲಿ ಆಗ ಬೆಳಿಗ್ಗೆ ಎರಡು ಗಂಟೆ, ಸಂಜೆ ಎರಡು ಗಂಟೆ ಮಾತ್ರ ನೀರು ಬಿಡುತ್ತಿದ್ದರು. ಸೋಮವಾರ ಮತ್ತು ಮಂಗಳವಾರ ಬೆಳಿಗ್ಗೆ ನೀರು ಬಂದ ಕೂಡಲೇ ಪಶ್ಚಿಮ ಬಡಾವಣೆಯ ಬೀದಿನಲ್ಲಿಯಿಂದ ನಾನೇ ಬಾಟಲಿ ತುಂಬಿ ತಂದೆ. ಈ ಬಾರಿ ಬಾಟಲಿಯನ್ನು ಮೂರು ಸಲ ನೋಡಿದ್ದೆ. ಬುಧವಾರ ಮಧ್ಯಾಹ್ನದ ಹೊತ್ತಿಗೆ ಎರಡರಲ್ಲೂ ಚರಂಡಿಯ ರೋಗಾಣು ಕಾಣಿಸಿತು. ಆ ಟ್ಯಾಂಕಿನ ನೀರನ್ನು ಎಂಬತ್ತು ಸಾವಿರ ಜನ ಕುಡಿಯುತ್ತಿದ್ದರು. ಒಂದು ಆಸ್ಪತ್ರೆ, ಎರಡು ಶಾಲೆಗಳೂ ಅದನ್ನೇ ನೆಚ್ಚಿಕೊಂಡಿದ್ದವು. ನೀರು ನಿಲ್ಲಿಸಬೇಕಾದರೆ ಆಯುಕ್ತರ ಅಪ್ಪಣೆ ಬೇಕಿತ್ತು. ಆಯುಕ್ತರು ದೂರದ ಕಾಮಗಾರಿಯೊಂದರ ತಪಾಸಣೆಗೆ ಹೋಗಿದ್ದರು, ಫೋನಿಗೂ ಸಿಗಲಿಲ್ಲ. ಅವರ ಕಚೇರಿ ಗುರುವಾರ ಬೆಳಿಗ್ಗೆ ಹನ್ನೊಂದಕ್ಕೆ ಸಭೆ ಕರೆದು, ಲ್ಯಾಬಿಗೆ ಐದು ನಿಮಿಷ ಕೊಟ್ಟಿತು. ಅಷ್ಟರವರೆಗೆ ಆಸ್ಪತ್ರೆಗೂ ಶಾಲೆಗಳಿಗೂ ನೀರು ಕುದಿಸಿ ಬಳಸುವಂತೆ ಮೇಡಂ ತಾವೇ ಫೋನು ಮಾಡಿದರು.

“ಮೇಡಂ, ನೀವೇ ಹೇಳ್ಬೇಕು,” ಎಂದೆ. “ಹೋದ ತಿಂಗಳು ಆದದ್ದಾದ ಮೇಲೆ ನನ್ನ ಮಾತು ಯಾರು ನಂಬ್ತಾರೆ?”

“ಬಾಟಲಿ ಹಿಡಿದೋರು ನೀವು. ನಾನು ಹೇಳಿದ್ರೆ, ಅವರು ಕೇಳೋ ಪ್ರತಿ ಪ್ರಶ್ನೆಗೂ ನಾನು ತಿರುಗಿ ನಿಮ್ಮ ಮುಖ ನೋಡ್ಬೇಕು. ಅದಕ್ಕಿಂತ ಕೆಟ್ಟದ್ದು ಯಾವುದೂ ಇಲ್ಲ.” ಫಲಿತಾಂಶದ ಹಾಳೆಯನ್ನು ನನ್ನ ಕೈಗಿತ್ತು, “ಸಂಜೆ ಮನೆಗೆ ಬನ್ನಿ, ಅಭ್ಯಾಸ ಮಾಡೋಣ,” ಎಂದರು.

ಅವರ ಮನೆಯೂ ಪಶ್ಚಿಮ ಬಡಾವಣೆಯಲ್ಲೇ ಇತ್ತು. ಅಡುಗೆಮನೆಯ ಮೇಜಿನ ಬಳಿ ಅವರ ಅತ್ತೆ ಹುರುಳಿಕಾಯಿ ಮುರಿಯುತ್ತ ಕುಳಿತಿದ್ದರು. ಎಪ್ಪತ್ತೆಂಟು ವರ್ಷ, ಕಿವಿ ಮಂದ. ಮೇಡಂ ನನ್ನನ್ನು ಅವರ ಎದುರು ನಿಲ್ಲಿಸಿ, “ಅತ್ತೆ, ಇವರು ಹೇಳೋದು ಸ್ವಲ್ಪ ಕೇಳಿ,” ಎಂದು ಗಟ್ಟಿಯಾಗಿ ಹೇಳಿದರು. ನಾನು ಮಾದರಿ ಸಂಗ್ರಹದ ವಿಧಾನದಿಂದ ಆರಂಭಿಸಿ, ಕ್ಲೋರಿನ್ ಪ್ರಮಾಣಕ್ಕೆ ಬಂದು, ಕಳೆದ ಮೂರು ವರ್ಷದ ಸರಾಸರಿಯನ್ನು ವಿವರಿಸುತ್ತಿದ್ದಾಗ ಆ ಹಿರಿಯರು ಕೈಯೆತ್ತಿದರು.

“ಕೇಳಿಸ್ತಪ್ಪಾ. ಚೆನ್ನಾಗೇ ಕೇಳಿಸ್ತು. ಈಗ ನಾನು ಈ ನೀರು ಕುಡೀಲೋ ಬೇಡ್ವೋ?”

“ಅದನ್ನ ಕೊನೇಲಿ ಹೇಳ್ತೀನಮ್ಮ.”

“ಅಲ್ಲಿವರೆಗೆ ಬಾಯಾರಿಕೆ ತಡೀಬೇಕಾ?”

ಮೇಡಂ ಬಾಗಿಲಿಗೆ ಒರಗಿ ನಿಂತಿದ್ದರು. “ನಾಳೆ ಸಭೇಲಿ ಇರೋ ಹನ್ನೆರಡು ಜನರ ಮನಸ್ಸಲ್ಲೂ ಇದೊಂದೇ ಪ್ರಶ್ನೆ ಇರುತ್ತೆ. ಅದಕ್ಕೆ ಉತ್ತರ ಸಿಗೋವರೆಗೂ ಬೇರೆ ಏನೂ ಅವರ ತಲೆಗೆ ಹೋಗಲ್ಲ,” ಎಂದರು. ಆ ಸಂಜೆ ನಾನು ಅದೇ ಐದು ನಿಮಿಷವನ್ನು ಒಂಬತ್ತು ಸಲ ಹೇಳಿದೆ. ಒಂಬತ್ತನೆಯ ಸಲ ಅತ್ತೆಯವರು ಎದ್ದು ಹೋಗಿ ಒಲೆಯ ಮೇಲೆ ನೀರು ಕುದಿಯಲು ಇಟ್ಟರು. ಮೇಡಂ ನನ್ನನ್ನು ನೋಡಿ, “ಈಗ ಮನೆಗೆ ಹೋಗಿ ಊಟ ಮಾಡಿ,” ಎಂದರು.

ಗುರುವಾರದ ಸಭಾಂಗಣ ನನಗೆ ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ. ಉದ್ದನೆಯ ಮೇಜು, ಗಾಜಿನ ಲೋಟಗಳು, ತಲೆಯ ಮೇಲೆ ಕಿರ್ರೆನ್ನುವ ಫ್ಯಾನು. ಆಯುಕ್ತರು ತಲೆ ಎತ್ತದೆ ಕಡತಕ್ಕೆ ಸಹಿ ಹಾಕುತ್ತಿದ್ದರು. ಅವರ ಬಲಕ್ಕೆ ಹಿರಿಯ ಎಂಜಿನಿಯರ್. ಮೇಡಂ ಮೇಜಿನ ಸುತ್ತಲಿನ ಕುರ್ಚಿ ಬಿಟ್ಟು ಗೋಡೆಯ ಪಕ್ಕದ ಸಾಲಿನಲ್ಲಿ ಕುಳಿತಿದ್ದರು.

ನಾನು ಎದ್ದೆ. ಒಂಬತ್ತು ಸಲ ಹೇಳಿದ್ದೆಲ್ಲ ಆವಿಯಾಗಿತ್ತು. “ಮಾದರಿ ಸಂಗ್ರಹದ ವಿಧಾನ ಏನಂದ್ರೆ…” ಎಂದು ನನ್ನ ಹಳೆಯ ನಾಲಿಗೆಯೇ ಹೊರಟಿತು. ಆಯುಕ್ತರು ಇನ್ನೊಂದು ಕಡತ ಎಳೆದುಕೊಂಡರು. ಯಾರೋ ಆಕಳಿಸಿದರು. ನಾನು ಮಾತು ನಿಲ್ಲಿಸಿದೆ. ಎಷ್ಟು ಹೊತ್ತು ನಿಂತಿದ್ದೆನೋ ಗೊತ್ತಿಲ್ಲ. ಆ ಮೌನಕ್ಕೇ ಆಯುಕ್ತರು ತಲೆಯೆತ್ತಿದರು. ಆಗ ಹೇಳಿದೆ:

“ಸರ್, ಪಶ್ಚಿಮದ ಟ್ಯಾಂಕಿನ ನೀರು ಕುಡಿಯಬಾರದು. ಇವತ್ತು ಸಂಜೆ ಅದನ್ನ ಬಿಡಬಾರದು.”

ಪೆನ್ನು ನಿಂತಿತು. ಎರಡು ಬೆಳಗಿನ ಫಲಿತಾಂಶ, ನಲ್ಲಿ ಇರುವ ಜಾಗ, ಕುಡಿಯುವವರ ಸಂಖ್ಯೆ, ಇಷ್ಟನ್ನು ಹೇಳಲು ಎರಡು ನಿಮಿಷ ಸಾಕಾಯಿತು.

“ನಿಮಗೆ ಖಚಿತವಾ?” ಎಂದರು ಆಯುಕ್ತರು.

“ಪೂರ್ತಿ ಖಚಿತ ಇಲ್ಲ ಸರ್. ಸರಬರಾಜು ವಿಭಾಗದೋರು ನಿನ್ನೆ ಸಂಜೆ ತಗೊಂಡ ಮೂರನೇ ಮಾದರಿ ಫಲಿತಾಂಶ ನಾಳೆ ಬರುತ್ತೆ. ನಾನು ತಪ್ಪಾಗಿದ್ರೆ ಜನಕ್ಕೆ ಒಂದು ದಿನ ತೊಂದರೆ. ಸರಿಯಾಗಿದ್ರೆ, ಕಾದ ಆ ಒಂದು ದಿನ ಎಂಬತ್ತು ಸಾವಿರ ಜನ ಚರಂಡಿ ನೀರು ಕುಡೀತಾರೆ.”

ಹಿರಿಯ ಎಂಜಿನಿಯರ್ ಕುರ್ಚಿಗೆ ಒರಗಿದರು. “ಹೋದ ತಿಂಗಳೂ ಹೀಗೇ ಹೇಳಿದ್ರಿ. ಕೊನೆಗೆ ಏನಾಯ್ತು? ಯಾರದು ಆ ಬಾಟಲಿ?”

ಕೋಣೆಯಲ್ಲಿ ಕೆಲವರು ಮುಗುಳ್ನಕ್ಕರು. ನಾನು ಗೋಡೆಯ ಸಾಲಿನತ್ತ ನೋಡಿದೆ. ಮೇಡಂ ನನ್ನನ್ನು ನೋಡುತ್ತಿರಲಿಲ್ಲ. ಮಡಿಲಲ್ಲಿ ಕೈ ಜೋಡಿಸಿಕೊಂಡು, ಉಗ್ರಾಣದಲ್ಲಿ ಕಾಯುತ್ತಿದ್ದಂತೆಯೇ ಕಾಯುತ್ತಿದ್ದರು.

“ನನ್ನದು ಸರ್,” ಎಂದೆ. “ಆ ಬಾಟಲಿ ತಪ್ಪಾಗಿ ತಗೊಂಡೋನು ನಾನು. ಮೇಡಂ ನನ್ನ ಹೆಸರು ಹೇಳಲಿಲ್ಲ. ಅವತ್ತೇ ನಾನು ಹೇಳಬೇಕಿತ್ತು. ಈ ಎರಡು ಬಾಟಲಿ ಶುದ್ಧವಾಗಿದ್ವು. ಇವುಗಳ ಸಂಗಡಾನೇ ಶುದ್ಧಿ ಮಾಡಿದ ಇನ್ನೊಂದು ಬಾಟಲಿಗೆ ಶುದ್ಧ ನೀರು ತುಂಬಿ ಜೊತೇಲೇ ಪರೀಕ್ಷೆ ಮಾಡಿದೀನಿ. ಅದರಲ್ಲಿ ಏನೂ ಬಂದಿಲ್ಲ.”

ಆಯುಕ್ತರು ಅಪ್ಪಣೆ ಕೊಟ್ಟರು. ಮಧ್ಯಾಹ್ನ ಪಶ್ಚಿಮದ ವಾಲ್ವ್ ಮುಚ್ಚಿತು. ಟ್ಯಾಂಕರುಗಳು ಹೊರಟವು.

ಕಥೆ ಇಲ್ಲಿಗೆ ಮುಗಿದಿದ್ದರೆ ಇದು ನನ್ನ ಬಗೆಗಿನ ಲೇಖನವಾಗುತ್ತಿತ್ತು. ಶುಕ್ರವಾರ ಬೆಳಿಗ್ಗೆ ಮೂರನೆಯ ಮಾದರಿಯ ಫಲಿತಾಂಶ ಬಂತು. ನೀರು ಶುದ್ಧವಾಗಿತ್ತು.

ಆ ಕಾಗದ ಹಿಡಿದು ನಾನು ಲ್ಯಾಬಿನ ಮೆಟ್ಟಿಲ ಮೇಲೆ ಕುಳಿತೆ. ಹೊರಗೆ ಜನ ಸೇರುತ್ತಿದ್ದ ಗದ್ದಲ ಕೇಳಿಸುತ್ತಿತ್ತು. ಹನ್ನೊಂದೂವರೆಗೆ ತುರ್ತು ಸಭೆ ಎಂದು ಕರೆ ಬಂತು. ಸಂಜೆಯ ನೀರನ್ನು ಎಂದಿನಂತೆ ಬಿಡುವ ಆದೇಶ ಟೈಪಾಗಿಯೇ ಮೇಜಿನ ಮೇಲಿತ್ತು. ಬಾಕಿ ಇದ್ದದ್ದು ಸಹಿ. ಈ ಸಲ ಮೇಡಂ ನನ್ನನ್ನು ಮುಂದೆ ಕಳಿಸಲಿಲ್ಲ. ತಾವೇ ಮೇಜಿನ ತುದಿಯಲ್ಲಿ ನಿಂತರು. ಕೈಯಲ್ಲಿ ಕಾಗದವಿರಲಿಲ್ಲ.

“ವಾಲ್ವ್ ತೆರೀಬಾರದು ಸರ್. ಇವತ್ತು ಸಂಜೆ ಆರರವರೆಗೆ ಸಮಯ ಕೊಡಿ, ಎಲ್ಲಿಂದ ಕೊಳೆ ಸೇರ್ತಿದೆ ಅಂತ ಹುಡುಕ್ತೀವಿ.”

“ಮೂರನೇ ಮಾದರಿ ಶುದ್ಧ ಇದೆಯಲ್ಲಮ್ಮ,” ಎಂದರು ಆಯುಕ್ತರು. ಅವರ ಸಹನೆ ತೀರುತ್ತಿತ್ತು.

“ಮೊದಲೆರಡು ನೀರು ಬಂದ ಕೂಡಲೇ ತಗೊಂಡಿದ್ದು. ಮೂರನೇದು ಒಂದು ಗಂಟೆ ನೀರು ಹರಿದ ಮೇಲೆ. ಮೂರೂ ಸರಿ ಇರಬಹುದು.”

“ಇರಬಹುದು ಅನ್ನೋದಕ್ಕೆ ನಾನು ಇಡೀ ಬಡಾವಣೆಗೆ ನೀರು ನಿಲ್ಲಿಸಲಾ?”

ಮೇಡಂ, ನಾವು ಯಾರೂ ಕೇಳಿರದ ಒಂದು ಸಂಗತಿಯನ್ನು, ಅಂಕಿಅಂಶ ಹೇಳುವ ಅದೇ ಸಮದನಿಯಲ್ಲಿ ಹೇಳಿದರು.

“ನಾನು ಕೆಲಸಕ್ಕೆ ಸೇರಿದ ಎರಡನೇ ವರ್ಷ, ಹೊರವಲಯದ ಒಂದು ಪಂಪ್‌ಹೌಸಿಗೆ ಫಲಿತಾಂಶ ಹೇಳೋಕೆ ಹೋಗಿದ್ದೆ. ಮೋಟರ್ ಓಡ್ತಾ ಇತ್ತು. ವರಾಂಡದಲ್ಲೇ ನಿಂತು ಆಪರೇಟರಿಗೆ ‘ಈ ನೀರು ಕುಡಿಯಬಾರದು’ ಅಂದೆ. ‘ಕುಡಿಯ’ ಆದ್ಮೇಲಿನದು ಬಾಯಲ್ಲೇ ಉಳೀತು. ಅವರಿಗೆ ‘ಕುಡಿಯಬಹುದು’ ಅಂತ ಕೇಳಿಸ್ತು. ತಲೆ ಆಡಿಸಿದ್ರು. ನಾನು ಅರ್ಥ ಆಯ್ತು ಅನ್ಕೊಂಡು ಜೀಪ್ ಹತ್ತಿದೆ. ಅವರು ವಾಲ್ವ್ ತೆರೆದ್ರು. ನನ್ನ ಲಿಖಿತ ವರದಿ ಮಾರನೇ ದಿನ ಅವರ ಕೈ ಸೇರ್ತು. ಅಷ್ಟರಲ್ಲಿ ನಲವತ್ತೊಂದು ಜನ ಆಸ್ಪತ್ರೆ ಸೇರಿದ್ರು. ಆ ಆಪರೇಟರ್ ಮಗಳಿಗೆ ಆರು ವರ್ಷ. ಅವಳು ಉಳೀಲಿಲ್ಲ.”

ಮೇಡಂ ಮೇಜಿನ ಮೇಲಿದ್ದ ಆದೇಶದ ಕಡೆ ಕೈ ತೋರಿದರು.

“ವಿಚಾರಣೇಲಿ ನನ್ನ ತಪ್ಪಿಲ್ಲ ಅಂತ ಬರೆದ್ರು. ಕಾಗದದ ಮೇಲೆ ನಾನು ಸರಿ ಇದ್ದೆ. ಆದ್ರೆ ಕಾಗದಕ್ಕಿಂತ ಮುಂಚೆ ನನ್ನ ಮಾತು ತಲುಪಿತ್ತು ಸರ್. ಅದಕ್ಕೆ ಇವತ್ತು ಎರಡನೇ ಸಲ ಹೇಳ್ತಿದೀನಿ. ವಾಲ್ವ್ ತೆರೆಯಬಾರದು. ಆರು ಗಂಟೆವರೆಗೆ.”

ಆಯುಕ್ತರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಮೊದಲು ಮಾತನಾಡಿದವರು ಹಿರಿಯ ಎಂಜಿನಿಯರ್. ಅವರ ದನಿಯಲ್ಲಿ ವ್ಯಂಗ್ಯ ಉಳಿದಿರಲಿಲ್ಲ. “ಎಲ್ಲಿ ಅಗೀಬೇಕು ಹೇಳಿ ಮೇಡಂ. ಹನ್ನೆರಡು ಕಿಲೋಮೀಟರ್ ಪೈಪಿದೆ.”

“ನನಗೆ ಗೊತ್ತಿಲ್ಲ. ಗೊತ್ತಿರೋರನ್ನ ಕರ್ಕೊಂಡು ಬಂದಿದೀನಿ,” ಎಂದು ಮೇಡಂ ಬಾಗಿಲತ್ತ ತಿರುಗಿದರು.

ಬಾಗಿಲಲ್ಲಿ ಪೈಪ್ ಮೇಸ್ತ್ರಿ ಚಪ್ಪಲಿ ಕಳಚಿ ನಿಂತಿದ್ದರು. ಇಪ್ಪತ್ತಾರು ವರ್ಷ ಇಲಾಖೆಯಲ್ಲಿದ್ದವರು ಅಂದೇ ಮೊದಲ ಬಾರಿಗೆ ಆ ಕೋಣೆಯೊಳಗೆ ಕಾಲಿಟ್ಟಿದ್ದರು. ಗುರುವಾರದ ಉಗ್ರಾಣದಲ್ಲಿ ನನ್ನ ಪಕ್ಕದ ಸ್ಟೂಲಿನಲ್ಲಿ ಕುಳಿತು ಕಲಿತವರು ಅವರು. ಕುಳಿತುಕೊಳ್ಳಿ ಎಂದರೂ ಕುಳಿತುಕೊಳ್ಳಲಿಲ್ಲ.

“ಸಾಹೇಬ್ರೇ, ಮೂರು ಜಾಗ ಅಗೀಬೇಕು. ಮೊದಲ ನೀರು ಕೆಟ್ಟಿದ್ದು ಆಮೇಲಿನದು ಚೆನ್ನಾಗಿದೆ ಅಂದ್ರೆ, ಪೈಪ್ ಖಾಲಿ ಇರೋವಾಗ ಹೊರಗಿನ ಕೊಳೆ ಒಳಗೆ ಬರ್ತಿದೆ. ಚರಂಡಿ ಪಕ್ಕ ನಮ್ಮ ಪೈಪಿನ ಜಾಯಿಂಟ್ ಇರೋದು ಮೂರೇ ಕಡೆ. ಸಂಜೆಯೊಳಗೆ ಮೂರೂ ಅಗೀತೀನಿ.”

ನಲವತ್ತು ಸೆಕೆಂಡೂ ಆಗಿರಲಿಲ್ಲ. ಅದಕ್ಕಿಂತ ಉತ್ತಮವಾದ ಭಾಷಣವನ್ನು ನಾನು ಆ ಕೋಣೆಯಲ್ಲಿ ಅಂದಿನವರೆಗೂ ಕೇಳಿರಲಿಲ್ಲ. ಆಯುಕ್ತರು, “ಆರು ಗಂಟೆ. ಆಮೇಲೆ ನಾನು ಸಹಿ ಹಾಕ್ತೀನಿ,” ಎಂದರು.

ಒಂದು ಗಂಟೆಗೆ ಮೊದಲ ಗುಂಡಿ ತೋಡಿದರು. ಮಣ್ಣು ಒಣಗಿತ್ತು, ಜಾಯಿಂಟ್ ಗಟ್ಟಿಯಾಗಿತ್ತು. ಮೂರೂವರೆಗೆ ಎರಡನೆಯದು, ಅಲ್ಲೂ ಏನಿಲ್ಲ. ಗುಂಡಿಯ ಸುತ್ತ ನೆರೆದ ಜನರ ದನಿ ಏರುತ್ತಿತ್ತು. ಒಬ್ಬ ಹೆಂಗಸು ಖಾಲಿ ಬಕೆಟನ್ನು ಮೇಡಂ ಕಾಲಬುಡದಲ್ಲಿ ಕುಕ್ಕಿ, “ನಿಮ್ಮ ಮನೇಲಿ ನೀರಿರಬೇಕು, ಅದಕ್ಕೆ ಹೀಗೆ ನಿಂತಿದೀರ,” ಎಂದಳು. “ನಮ್ಮ ಮನೆ ಮುಂದಿನ ಬೀದೀಲೇ ಇದೆ. ಅಲ್ಲೂ ಇಲ್ಲ,” ಎಂದರು ಮೇಡಂ. ಬಿಸಿಲಿನಲ್ಲೇ ನಿಂತು, ಕೇಳಿದವರಿಗೆಲ್ಲ ಒಂದೇ ಮಾತನ್ನು ಒಂದೇ ದನಿಯಲ್ಲಿ, ಪದ ಬದಲಿಸದೆ ಹೇಳುತ್ತಿದ್ದರು. ನಾನು ಐದು ನಿಮಿಷಕ್ಕೊಮ್ಮೆ ಕೈಗಡಿಯಾರ ನೋಡುತ್ತಿದ್ದೆ. ಹಿರಿಯ ಎಂಜಿನಿಯರ್ ಅಂಗಿಯ ತೋಳು ಮಡಿಸಿ, ಮೂರನೆಯ ಗುಂಡಿಯ ಅಂಚಿನಲ್ಲಿ ಕುಕ್ಕರುಗಾಲಲ್ಲಿ ಕುಳಿತಿದ್ದರು.

ಆ ಗುಂಡಿ ಶಾಲೆಯ ಕಾಂಪೌಂಡಿನ ಪಕ್ಕದಲ್ಲಿತ್ತು. ಐದೂ ಕಾಲಿಗೆ ಸಲಿಕೆಯ ಸದ್ದು ಬದಲಾಯಿತು. ಮಣ್ಣು ಕಪ್ಪಾಗಿ, ಒದ್ದೆಯಾಗಿ, ಮೂಗು ಮುಚ್ಚುವಂತೆ ನಾರುತ್ತ ಮೇಲೆ ಬಂತು. ಮೇಸ್ತ್ರಿ ಮೊಣಕಾಲೂರಿ ಜಾಯಿಂಟಿನ ಸುತ್ತ ಕೈಯಾಡಿಸಿದರು. ಒಳಗಿನ ರಬ್ಬರ್ ಉಂಗುರ ಅವರ ಬೆರಳಿಗೆ ಪುಡಿಪುಡಿಯಾಗಿ ಬಂತು. ಒಡೆದ ಚರಂಡಿಯ ನೀರು ಪೈಪಿನ ಸುತ್ತ ಮಡುಗಟ್ಟಿ ನಿಂತಿತ್ತು.

ಯಾರೂ ಚಪ್ಪಾಳೆ ತಟ್ಟಲಿಲ್ಲ. ಹಿರಿಯ ಎಂಜಿನಿಯರ್ ಮೇಲಕ್ಕೆದ್ದು, ಕೆಸರುಗೈಯಲ್ಲೇ ಫೋನು ಹಿಡಿದು ಆಯುಕ್ತರಿಗೆ ಹೇಳಿದರು: “ಸರ್, ಸಿಕ್ಕಿತು. ಸಹಿ ಹಾಕಬೇಡಿ.” ಮೇಡಂ ಶಾಲೆಯ ಗೋಡೆಗೆ ಒಂದು ಕೈ ಊರಿ, ಬಹಳ ಹೊತ್ತು ಆ ಕಡೆ ಮುಖ ಮಾಡಿ ನಿಂತಿದ್ದರು. ನಾನು ಹತ್ತಿರ ಹೋಗಲಿಲ್ಲ. ಹೋಗಬಾರದೆಂದು ಅವರೊಂದಿಗಿನ ಒಂದು ವರ್ಷ ನನಗೆ ಕಲಿಸಿತ್ತು.

ಆ ವಾರ ಪಶ್ಚಿಮ ಬಡಾವಣೆಯಲ್ಲಿ ಹತ್ತೊಂಬತ್ತು ಮಂದಿ ಹೊಟ್ಟೆನೋವಿನಿಂದ ಆಸ್ಪತ್ರೆಗೆ ಹೋದರು. ಎಲ್ಲರೂ ಗುಣವಾಗಿ ಮನೆಗೆ ಮರಳಿದರು. ಕಾಯಿಲೆ ಬೀಳದೆ ಉಳಿದವರ ಪಟ್ಟಿಯನ್ನು ಯಾವ ಆಸ್ಪತ್ರೆಯೂ ಇಡುವುದಿಲ್ಲವಾದ್ದರಿಂದ, ಮೇಡಂ ಅವರ ಆ ಮಾತುಗಳ ಬೆಲೆಯನ್ನು ಅಂಕಿಯಲ್ಲಿ ಹೇಳುವ ಉಪಾಯ ನನ್ನಲ್ಲಿಲ್ಲ.

ಮುಂದಿನ ಹದಿನೇಳು ವರ್ಷಗಳಲ್ಲಿ ಅವರು ಪ್ರಯೋಗಾಲಯದ ಮುಖ್ಯಸ್ಥೆಯಾದರು. ಮಾದರಿ ತಂದವರೇ ಸಭೆಯಲ್ಲಿ ಫಲಿತಾಂಶ ಹೇಳಬೇಕೆಂಬುದು, ಕೇಳಿಸಿಕೊಂಡವರು ಅದನ್ನು ತಮ್ಮ ಮಾತಿನಲ್ಲಿ ತಿರುಗಿ ಹೇಳಬೇಕೆಂಬುದು ಇಲಾಖೆಯ ನಿಯಮವಾಯಿತು. ಹಿರಿಯ ಎಂಜಿನಿಯರ್ ತಾವು ನಿವೃತ್ತರಾಗುವವರೆಗೂ ತಮ್ಮ ಕಿರಿಯರನ್ನು ಗುರುವಾರದ ಉಗ್ರಾಣಕ್ಕೆ ಕಳಿಸುತ್ತಿದ್ದರು. ಪಂಪ್‌ಹೌಸಿನ ಆ ಹಳೆಯ ಪ್ರಸಂಗವನ್ನು ಮೇಡಂ ಮತ್ತೆ ಯಾವ ವೇದಿಕೆಯಲ್ಲೂ ಹೇಳಲಿಲ್ಲ. ಇಲ್ಲಿ ಬರೆಯಲು ಅನುಮತಿ ಕೇಳಿದಾಗ ಸ್ವಲ್ಪ ಯೋಚಿಸಿ, “ಆ ಮಗು ವಿಷಯ ಬಿಡಬೇಡಿ. ನನ್ನನ್ನ ದೊಡ್ಡವಳು ಮಾಡೋಕೆ ಅಂತ ಮಾತ್ರ ಬರೀಬೇಡಿ,” ಎಂದರು. ಮೊದಲ ಮಾತನ್ನು ಪಾಲಿಸಿದ್ದೇನೆ. ಎರಡನೆಯದನ್ನು ಪಾಲಿಸಲು ಪ್ರಯತ್ನಿಸಿದ್ದೇನೆ.

ನಿವೃತ್ತಿಯ ದಿನ ಗೊತ್ತಾದ ಕೂಡಲೇ ಆಸ್ಪತ್ರೆಯೊಂದು ತನ್ನ ದಾದಿಯರಿಗೆ ಪಾಳಿ ಬದಲಾಗುವಾಗ ರೋಗಿಗಳ ಸ್ಥಿತಿಯನ್ನು ಹೇಳುವುದನ್ನು ಕಲಿಸಿಕೊಡಿ ಎಂದು ಅವರನ್ನು ಕೇಳಿಕೊಂಡಿತು. ಕಳೆದ ವಾರ ಮೊದಲ ತರಗತಿ ನಡೆಯಿತು. ನಾನೂ ಜೊತೆಗೆ ಹೋಗಿದ್ದೆ. ಇಪ್ಪತ್ತು ಮಂದಿ ದಾದಿಯರು. ಒಬ್ಬಾಕೆ, ಕೆಲಸಕ್ಕೆ ಹೊಸಬಳು, ನಿಂತು ಹೇಳತೊಡಗಿದಳು. ಮೊದಲ ಸಲ ಮಾತು ತೊಡರಿತು. ಮೇಡಂ ಕಾದರು. ಎರಡನೆಯ ಸಲ ಆಕೆ ಉಸಿರೆಳೆದುಕೊಂಡು, “ಒಂಬತ್ತನೇ ಹಾಸಿಗೆಯೋರು ಬೆಳಿಗ್ಗೆ ಔಷಧಿ ಕೊಟ್ಟ ಮೇಲೆ ಕರೆದ್ರೆ ಸರಿಯಾಗಿ ಓಗೊಡ್ತಾ ಇಲ್ಲ. ಡಾಕ್ಟ್ರು ಇನ್ನೂ ನೋಡಿಲ್ಲ,” ಎಂದಳು.

ಮೇಡಂ ಪಕ್ಕದಲ್ಲಿದ್ದ ಹಿರಿಯ ದಾದಿಯನ್ನು ಕೇಳಿದರು: “ಈಗ ನೀವು ಏನು ಮಾಡ್ತೀರಿ?”

“ಮೊದಲು ಒಂಬತ್ತನೇ ಹಾಸಿಗೆ ಹತ್ರ ಹೋಗ್ತೀನಿ.”

ಮೇಡಂ ಹೊಸಬಳ ಕಡೆ ತಿರುಗಿದರು. “ಇದು ಅಭ್ಯಾಸಕ್ಕೆ ಅಂತ ಕಟ್ಟಿ ಹೇಳಿದ್ದಾ, ನಿಜವಾಗ್ಲೂ ಆಗಿರೋದಾ?”

“ನಿಜ ಮೇಡಂ. ಇವತ್ತಿಂದೇ. ಹೇಳ್ಬೇಕು ಅನ್ಕೊಂಡಿದ್ದೆ, ಯಾರಿಗೆ ಹೇಗೆ ಹೇಳೋದು ಅಂತ…”

“ಹಾಗಾದ್ರೆ ಇಲ್ಲಿ ಯಾಕೆ ಕೂತಿದೀರಿ? ಓಡಿ!”

ಕುರ್ಚಿಗಳು ಉರುಳಿದವು. ಹಿರಿಯ ದಾದಿ ಮುಂದೆ, ಹೊಸಬಳು ಹಿಂದೆ, ಅವರ ಬೆನ್ನಿಗೆ ಉಳಿದವರೆಲ್ಲ, ಕಾರಿಡಾರಿನ ಉದ್ದಕ್ಕೂ ಕಾಲಸಪ್ಪಳ. ಮಾತ್ರೆಯ ಪ್ರಮಾಣ ಹೆಚ್ಚಾಗಿತ್ತಂತೆ. ಸಮಯಕ್ಕೆ ಸರಿಯಾಗಿ ತಿಳಿಯಿತು, ರೋಗಿ ಚೇತರಿಸಿಕೊಂಡರು ಎಂದು ಸಂಜೆ ಫೋನು ಬಂತು. ಆದರೆ ಆ ಕ್ಷಣದಲ್ಲಿ ಅದಾವುದೂ ನಮಗೆ ಗೊತ್ತಿರಲಿಲ್ಲ. ಖಾಲಿ ಕುರ್ಚಿಗಳ ನಡುವೆ ಮೇಡಂ, ಕಿವಿಯನ್ನು ಬಾಗಿಲಿಗೆ ಕೊಟ್ಟು ನಿಂತಿದ್ದರು.

ಅವರಿಗೆ ದೀರ್ಘವಾದ, ಆರೋಗ್ಯಪೂರ್ಣವಾದ ಆಯುಷ್ಯ ದೊರೆಯಲಿ. ಅವರ ಕೆಲಸ ನಿಲ್ಲದಿರಲಿ. ಮುಂದೆ ಅವರು ನಡೆಸುವ ತರಗತಿಗಳೂ ಹೀಗೆಯೇ, ಹೇಳಿದ ಮಾತು ತಲುಪಿದ ಕೂಡಲೇ, ನಡುವೆಯೇ ಖಾಲಿಯಾಗುತ್ತಿರಲಿ.